ನಡುವರ್ಷದಲ್ಲಿ ಕೆಲಸ ಬಿಡುವ ಹಂಗಾಮಿ ಕಾರ್ಮಿಕರ ರಜೆ ವೇತನ: ಲೆಕ್ಕ ಹಾಕುವ ಕ್ರಮ

ಹತ್ತಿ ಜಿನ್ನಿಂಗ್, ಬೇಳೆ ಗಿರಣಿ, ಅಕ್ಕಿ ಗಿರಣಿ, ಕಾಫಿ ಸಂಸ್ಕರಣೆ, ಗೋಡಂಬಿ, ಸಕ್ಕರೆ ಮೊದಲಾದ ಉದ್ದಿಮೆಗಳಲ್ಲಿ ಕೆಲಸವು ವರ್ಷವಿಡೀ ಒಂದೇ ಸಮನಾಗಿ ಇರುವುದಿಲ್ಲ. ಮಾಲು ಬರುವ ನಾಲ್ಕೈದು ತಿಂಗಳು ಹಗಲು ರಾತ್ರಿ ಯಂತ್ರ ನಡೆಯುತ್ತದೆ. ಹಂಗಾಮು ಮುಗಿದೊಡನೆ ಹೆಚ್ಚಿನ ಕಾರ್ಮಿಕರು ಊರಿಗೆ ಮರಳುತ್ತಾರೆ, ಕೆಲವರು ಹಂಗಾಮಿನ ನಡುವೆಯೇ ಹೊರಡುತ್ತಾರೆ. ಹೀಗೆ ಹೊರಟವರಿಗೆ ಬಾಕಿ ಕೂಲಿಯನ್ನು ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ವಾಡಿಕೆ. ಆದರೆ ಅವರು ಗಳಿಸಿ, ಬಳಸದೆ ಉಳಿಸಿದ ವೇತನಸಹಿತ ರಜೆಯ ಹಣವನ್ನು ಸೇರಿಸಿ ಕೊಡುವ ಸಂಸ್ಥೆಗಳು ವಿರಳ. ‘ವರ್ಷ ತುಂಬಿಲ್ಲ, ಇಷ್ಟು ದಿನ ಕೆಲಸ ಮಾಡಿಲ್ಲ, ಆದ್ದರಿಂದ ರಜೆಯ ಪ್ರಶ್ನೆಯೇ ಇಲ್ಲ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ.

ಈ ಸಮಾಧಾನವು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕೆಲಸದಲ್ಲಿ ಮುಂದುವರಿಯುವ ಕಾರ್ಮಿಕನಿಗೆ ಅನ್ವಯಿಸುವ ಕನಿಷ್ಠ ದಿನಗಳ ಷರತ್ತು ಕೆಲಸ ಬಿಟ್ಟು ಹೋಗುವವನಿಗೆ ಅನ್ವಯಿಸುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಅರಿಯದೆ ಇರುವುದರಿಂದ ಒಂದೆಡೆ ಕಾರ್ಮಿಕನಿಗೆ ನಷ್ಟವಾಗುತ್ತದೆ, ಇನ್ನೊಂದೆಡೆ ಉದ್ಯಮಿಯ ತಲೆಯ ಮೇಲೆ ಕಾಣದ ಋಣ ಬೆಳೆಯುತ್ತದೆ. ಈ ಲೇಖನದಲ್ಲಿ ಆ ಲೆಕ್ಕವನ್ನು ಹಂತ ಹಂತವಾಗಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಕಾರ್ಖಾನೆಗಳಲ್ಲಿ ವೇತನಸಹಿತ ವಾರ್ಷಿಕ ರಜೆಯನ್ನು ದೀರ್ಘಕಾಲ ನಿಯಂತ್ರಿಸಿದ್ದು 1948ರ ಕಾರ್ಖಾನೆಗಳ ಕಾಯಿದೆ. ಅದರ 79ನೇ ಪ್ರಕರಣದ ಪ್ರಕಾರ ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ಕೆಲಸ ಮಾಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನದ ಕೆಲಸಕ್ಕೆ 1 ದಿನದಂತೆ ರಜೆ ಸಲ್ಲುತ್ತಿತ್ತು. ಕೆಲಸ ಬಿಟ್ಟವನಿಗೆ ಆ ಅವಧಿ ತುಂಬದಿದ್ದರೂ ಗಳಿಸಿದ ರಜೆಯ ವೇತನ ಕೊಡಬೇಕೆಂಬ ಮಾತು ಅದೇ ಪ್ರಕರಣದಲ್ಲಿ ಇತ್ತು. ಆದ್ದರಿಂದ ಈ ಹೊಣೆ ಉದ್ಯಮಿಗಳಿಗೆ ಹೊಸತೇನೂ ಅಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಾರ್ಖಾನೆಗಳ ಕಾಯಿದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿತು. ಇದರ 32ನೇ ಪ್ರಕರಣವು ವಾರ್ಷಿಕ ರಜೆಗೆ ಸಂಬಂಧಿಸಿದ್ದು. ಮುಖ್ಯ ಬದಲಾವಣೆಗಳು ಮೂರು.

ಮೊದಲನೆಯದಾಗಿ, ರಜೆಯ ಅರ್ಹತೆಗೆ ಬೇಕಾದ ಕೆಲಸದ ದಿನಗಳು 240ರಿಂದ 180ಕ್ಕೆ ಇಳಿದಿವೆ. ಎರಡನೆಯದಾಗಿ, ಜನವರಿ 1ರ ನಂತರ ಸೇರಿದವನು ವರ್ಷದ ಉಳಿದ ದಿನಗಳಲ್ಲಿ ಮೂರನೇ ಎರಡು ಭಾಗ ಕೆಲಸ ಮಾಡಿರಬೇಕೆಂದು ಹಿಂದೆ ಇದ್ದುದು ಈಗ ನಾಲ್ಕನೇ ಒಂದು ಭಾಗಕ್ಕೆ ಇಳಿದಿದೆ. ಮೂರನೆಯದಾಗಿ, ವರ್ಷಾಂತ್ಯದಲ್ಲಿ ಕಾರ್ಮಿಕನು ಬಯಸಿದರೆ ಉಳಿದ ರಜೆಯನ್ನು ನಗದೀಕರಿಸಿಕೊಳ್ಳುವ ಹಕ್ಕು ದೊರೆತಿದೆ. 20 ದಿನಕ್ಕೆ 1 ದಿನ ಎಂಬ ದರ ಮಾತ್ರ ಹಾಗೆಯೇ ಉಳಿದಿದೆ. ಹದಿಹರೆಯದ ಕಾರ್ಮಿಕರಿಗೆ ಮತ್ತು ಗಣಿಯಲ್ಲಿ ನೆಲದೊಳಗೆ ದುಡಿಯುವವರಿಗೆ 15 ದಿನಕ್ಕೆ 1 ದಿನ.

ಯಾವ ಸಂಸ್ಥೆಗೆ ಅನ್ವಯ

ಸಣ್ಣ ಉದ್ಯಮಿಗಳಲ್ಲಿ ಇಲ್ಲಿ ಒಂದು ಗೊಂದಲ ಉಂಟಾಗುವ ಸಂಭವವಿದೆ. ಹೊಸ ಸಂಹಿತೆಯಲ್ಲಿ ‘ಕಾರ್ಖಾನೆ’ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಘಟಕದಲ್ಲಿ 20, ವಿದ್ಯುತ್ ಬಳಸದ ಘಟಕದಲ್ಲಿ 40 ಕಾರ್ಮಿಕರಿರಬೇಕು. ಹಿಂದೆ ಈ ಸಂಖ್ಯೆ ಕ್ರಮವಾಗಿ 10 ಮತ್ತು 20 ಆಗಿತ್ತು. ಇದನ್ನು ನೋಡಿ, 12 ಅಥವಾ 15 ಮಂದಿಯಿರುವ ಘಟಕದ ಮಾಲೀಕರು ತಮಗೆ ರಜೆಯ ನಿಯಮವೇ ಇಲ್ಲವೆಂದು ಭಾವಿಸಬಾರದು. 32ನೇ ಪ್ರಕರಣವು ‘ಕಾರ್ಖಾನೆ’ ಎಂದು ಹೇಳದೆ ‘ಸಂಸ್ಥೆ’ ಎಂದು ಹೇಳುತ್ತದೆ. ಉದ್ಯಮ, ವ್ಯಾಪಾರ ಅಥವಾ ತಯಾರಿಕೆ ನಡೆಯುವ, 10 ಅಥವಾ ಹೆಚ್ಚು ಕಾರ್ಮಿಕರಿರುವ ಸ್ಥಳವು ಸಂಸ್ಥೆಯೇ ಆಗುತ್ತದೆ. ಅಂಗಡಿ ಮುಂಗಟ್ಟುಗಳಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಪ್ರತ್ಯೇಕವಾಗಿದ್ದು, ಅದರಲ್ಲಿ ರಜೆಗೆ ಬೇರೆಯೇ ನಿಬಂಧನೆಗಳಿವೆ. ಈ ಲೇಖನವು 10 ಅಥವಾ ಹೆಚ್ಚು ಕಾರ್ಮಿಕರಿರುವ ತಯಾರಿಕಾ ಘಟಕಗಳಿಗೆ ಸೀಮಿತವಾಗಿದೆ.

ರಜೆ ಪಡೆಯುವುದು ಬೇರೆ, ರಜೆ ಗಳಿಸುವುದು ಬೇರೆ

ಲೆಕ್ಕದಲ್ಲಿ ತಪ್ಪಾಗುವುದು ಈ ಎರಡನ್ನು ಒಂದೆಂದು ತಿಳಿದಾಗ. ಕಾರ್ಮಿಕನು ಕೆಲಸ ಮಾಡಿದ ಮೊದಲ ದಿನದಿಂದಲೇ ರಜೆ ಗಳಿಸತೊಡಗುತ್ತಾನೆ: ದಿನವೊಂದಕ್ಕೆ ಇಪ್ಪತ್ತನೇ ಒಂದು ಭಾಗ. ಹೀಗೆ ಗಳಿಸಿದ ರಜೆಯನ್ನು ಸೇವೆಯಲ್ಲಿದ್ದುಕೊಂಡು ಪಡೆಯಬೇಕಾದರೆ 180 ದಿನ ತುಂಬಬೇಕು. ಇದು ಅನುಭೋಗಕ್ಕೆ ಹಾಕಿದ ಷರತ್ತು.

ಕಾರ್ಮಿಕನು ವರ್ಷದ ನಡುವೆ ಕೆಲಸ ಬಿಟ್ಟರೆ, ಅವನನ್ನು ಬಿಡುಗಡೆ ಮಾಡಿದರೆ ಅಥವಾ ವಜಾ ಮಾಡಿದರೆ, ಅವನು ನಿವೃತ್ತನಾದರೆ ಅಥವಾ ಸೇವೆಯಲ್ಲಿರುವಾಗ ಮರಣ ಹೊಂದಿದರೆ, ರಜೆಯನ್ನು ಅನುಭೋಗಿಸುವ ಸಂದರ್ಭವೇ ಉಳಿಯುವುದಿಲ್ಲ. ಆಗ 32ನೇ ಪ್ರಕರಣದ ಆರನೆಯ ಖಂಡವು ಅನ್ವಯಿಸುತ್ತದೆ. ಅರ್ಹತೆಗೆ ಬೇಕಾದ ಅವಧಿಯನ್ನು ಪೂರೈಸದೆ ಇದ್ದರೂ, ಆ ದಿನದವರೆಗೆ ಲೆಕ್ಕಕ್ಕೆ ಬರುವ ರಜೆಗೆ ಬದಲಾಗಿ ವೇತನ ಕೊಡಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮರಣ ಹೊಂದಿದ ಸಂದರ್ಭದಲ್ಲಿ ಈ ಹಣ ವಾರಸುದಾರರಿಗೆ ಅಥವಾ ನಾಮನಿರ್ದೇಶಿತರಿಗೆ ಸಲ್ಲುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ದುರ್ನಡತೆಗಾಗಿ ವಜಾ ಆದವನಿಗೂ ಈ ಹಕ್ಕು ಇದೆ. ಗಳಿಸಿದ ರಜೆಯನ್ನು ದಂಡವೆಂದು ಕಿತ್ತುಕೊಳ್ಳುವಂತಿಲ್ಲ. ಹಾಗೆಯೇ, ಮುನ್ಸೂಚನೆ ಕೊಡದೆ ಹೊರಟುಹೋದವನು ಕೆಲಸ ಬಿಟ್ಟವನೇ ಆಗುತ್ತಾನೆ. ಮುನ್ಸೂಚನೆಯ ವಿಷಯವನ್ನು ಪ್ರತ್ಯೇಕವಾಗಿ ಇತ್ಯರ್ಥಪಡಿಸಬೇಕೇ ಹೊರತು ಆ ಕಾರಣಕ್ಕೆ ರಜೆಯ ಲೆಕ್ಕವನ್ನು ಸೊನ್ನೆಯಾಗಿಸಬಾರದು.

ಲೆಕ್ಕದ ಐದು ಹಂತಗಳು

1. ಹಾಜರಾತಿ ಪುಸ್ತಕದಿಂದ ಕಾರ್ಮಿಕನು ಕೆಲಸ ಮಾಡಿದ ದಿನಗಳನ್ನು ಕ್ಯಾಲೆಂಡರ್ ವರ್ಷವಾರು ಬೇರ್ಪಡಿಸಿ ಎಣಿಸಬೇಕು. ವಾರದ ರಜೆ, ಹಬ್ಬದ ರಜೆ, ಗೈರುಹಾಜರಿ ಮತ್ತು ಪಡೆದ ರಜೆಯ ದಿನಗಳು ಈ ಎಣಿಕೆಯಲ್ಲಿ ಬರುವುದಿಲ್ಲ.

2. ಆ ಸಂಖ್ಯೆಯನ್ನು 20ರಿಂದ ಭಾಗಿಸಬೇಕು. ಬಂದದ್ದು ಆ ವರ್ಷ ಗಳಿಸಿದ ರಜೆ.

3. ಹಿಂದಿನ ವರ್ಷದಿಂದ ಮುಂದೆ ತಂದ ರಜೆಯಿದ್ದರೆ ಕೂಡಿಸಬೇಕು. ಹೀಗೆ ಮುಂದೆ ತರಬಹುದಾದ ಮಿತಿ 30 ದಿನ. ಆದರೆ ಕಾರ್ಮಿಕನು ಕೇಳಿದರೂ ಮಾಲೀಕರು ನಿರಾಕರಿಸಿದ ರಜೆಗೆ ಈ ಮಿತಿಯಿಲ್ಲ.

4. ಈಗಾಗಲೇ ವೇತನಸಹಿತವಾಗಿ ಪಡೆದ ವಾರ್ಷಿಕ ರಜೆಯನ್ನು ಕಳೆಯಬೇಕು.

5. ಉಳಿದ ದಿನಗಳನ್ನು ಒಂದು ದಿನದ ವೇತನದಿಂದ ಗುಣಿಸಬೇಕು.

ದಿನದ ಭಾಗವನ್ನು ಏನು ಮಾಡಬೇಕೆಂಬ ಪ್ರಶ್ನೆ ಸಹಜ. 1948ರ ಕಾಯಿದೆಯ 79ನೇ ಪ್ರಕರಣವು ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ಣ ದಿನವೆಂದೂ ಅದಕ್ಕಿಂತ ಕಡಿಮೆಯಿದ್ದರೆ ಬಿಡಬೇಕೆಂದೂ ವಿಧಿಸಿತ್ತು. ಲೆಕ್ಕಪತ್ರಗಳಲ್ಲಿ ರೂಢಿಯಾಗಿರುವ ಈ ಕ್ರಮವನ್ನೇ ಮುಂದಿನ ಉದಾಹರಣೆಯಲ್ಲಿ ಅನುಸರಿಸಲಾಗಿದೆ. ಯಾವ ಕ್ರಮವನ್ನು ಹಿಡಿದರೂ ಅದು ಎಲ್ಲ ಕಾರ್ಮಿಕರಿಗೂ ಒಂದೇ ಆಗಿರಬೇಕು.

ಮೊದಲ ಉದಾಹರಣೆ: ಎರಡು ವರ್ಷಗಳನ್ನು ದಾಟುವ ಹಂಗಾಮು

ರಾಯಚೂರು ಜಿಲ್ಲೆಯ ಒಂದು ಜಿನ್ನಿಂಗ್ ಘಟಕವನ್ನು ಊಹಿಸಿಕೊಳ್ಳೋಣ. ಕಾರ್ಮಿಕನೊಬ್ಬನು ನವೆಂಬರ್ 3ರಂದು ಸೇರಿ, ಮರುವರ್ಷ ಮಾರ್ಚ್ 31ರಂದು ಹಂಗಾಮು ಮುಗಿದಾಗ ಬಿಡುಗಡೆಯಾಗುತ್ತಾನೆ. ಮೊದಲ ವರ್ಷ ಡಿಸೆಂಬರ್ 31ರವರೆಗೆ 48 ದಿನ, ಎರಡನೇ ವರ್ಷ 72 ದಿನ ಕೆಲಸ ಮಾಡಿದ್ದಾನೆ. ಫೆಬ್ರವರಿಯಲ್ಲಿ 1 ದಿನ ವೇತನಸಹಿತ ರಜೆ ಪಡೆದಿದ್ದಾನೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ದಿನಗೂಲಿ 800 ರೂಪಾಯಿ. ಈ ಲೇಖನದ ದರಗಳೆಲ್ಲ ಲೆಕ್ಕದ ಅನುಕೂಲಕ್ಕಾಗಿ ಮಾತ್ರ; ನಿಜವಾದ ದರವು ಸರ್ಕಾರ ಪ್ರಕಟಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ.

ಮೊದಲ ವರ್ಷ: ನವೆಂಬರ್ 3ರಿಂದ ಡಿಸೆಂಬರ್ 31ರವರೆಗೆ ಒಟ್ಟು 59 ದಿನ. ಅದರ ನಾಲ್ಕನೇ ಒಂದು ಭಾಗ 14.75. ಕಾರ್ಮಿಕನು 48 ದಿನ ದುಡಿದಿರುವುದರಿಂದ ಅರ್ಹತೆ ಆ ವರ್ಷವೇ ದೊರೆತಿದೆ. ಗಳಿಸಿದ ರಜೆ 48 ÷ 20 = 2.4, ಅಂದರೆ 2 ದಿನ. ಇದು ಮುಂದಿನ ವರ್ಷಕ್ಕೆ ಸೇರುತ್ತದೆ.

ಎರಡನೇ ವರ್ಷ: 72 ÷ 20 = 3.6, ಅಂದರೆ 4 ದಿನ. 180 ದಿನ ತುಂಬಿಲ್ಲವಾದರೂ ಕೆಲಸದಿಂದ ಬಿಡುಗಡೆಯಾದ ಕಾರಣ ಈ 4 ದಿನವೂ ಲೆಕ್ಕಕ್ಕೆ ಬರುತ್ತದೆ.

ಒಟ್ಟು ಗಳಿಕೆ 6 ದಿನ. ಪಡೆದದ್ದು 1 ದಿನ. ಬಾಕಿ 5 ದಿನ. ಕೊಡಬೇಕಾದ ರಜೆ ವೇತನ 5 × 800 = 4,000 ರೂಪಾಯಿ.

ತಪ್ಪು ತಿಳಿವಳಿಕೆಯ ಪ್ರಕಾರ ಇವನಿಗೆ ಸಲ್ಲುವುದು ಏನೂ ಇಲ್ಲ. ಒಬ್ಬನ 4,000 ರೂಪಾಯಿ ದೊಡ್ಡದಾಗಿ ಕಾಣದಿರಬಹುದು. ಆದರೆ ಅಂಥ 40 ಮಂದಿ ಒಂದೇ ದಿನ ಬಿಡುಗಡೆಯಾದರೆ ಮೊತ್ತ 1,60,000 ರೂಪಾಯಿ ಆಗುತ್ತದೆ. ಹಂಗಾಮಿನ ಕೊನೆಯಲ್ಲಿ ಬಂಡವಾಳವೆಲ್ಲ ಮಾಲಿನಲ್ಲಿ ಸಿಕ್ಕಿಕೊಂಡಿರುವ ಹೊತ್ತಿಗೆ ಇಷ್ಟು ಹಣ ಎರಡು ದಿನದಲ್ಲಿ ಬೇಕಾಗುತ್ತದೆ. ಕಾರ್ಮಿಕನ ದೃಷ್ಟಿಯಿಂದ ನೋಡಿದರೆ, ಅದು ಅವನ ಐದು ದಿನದ ದುಡಿಮೆ.

ಒಂದು ದಿನದ ವೇತನ ಎಂದರೆ ಎಷ್ಟು

ದಿನಗೂಲಿಯವರ ವಿಷಯದಲ್ಲಿ ಇದು ಸರಳ. ಮಾಸಿಕ ವೇತನದವರ ವಿಷಯದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಯಾವ ಮೊತ್ತವನ್ನು ಭಾಗಿಸಬೇಕು, ಎಷ್ಟರಿಂದ ಭಾಗಿಸಬೇಕು.

ಮೊತ್ತದ ಬಗ್ಗೆ ಹೊಸ ಸಂಹಿತೆಗಳು ‘ವೇತನ’ಕ್ಕೆ ಒಂದೇ ಬಗೆಯ ವ್ಯಾಖ್ಯೆ ನೀಡಿವೆ. ಮೂಲ ವೇತನ, ತುಟ್ಟಿಭತ್ಯೆ ಮತ್ತು ಹಂಗಾಮಿನ ಹೊರಗಿನ ಕಾಲಕ್ಕೆ ಕೊಡುವ ರಿಟೈನಿಂಗ್ ಭತ್ಯೆ ಇವು ವೇತನದಲ್ಲಿ ಸೇರಿವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಬೋನಸ್, ಓವರ್‌ಟೈಮ್, ಕಮಿಷನ್, ಭವಿಷ್ಯನಿಧಿಗೆ ಮಾಲೀಕರ ವಂತಿಗೆ ಮೊದಲಾದವು ಹೊರಗಿವೆ. ಆದರೆ ಹೀಗೆ ಹೊರಗಿಟ್ಟ ಬಾಬುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಮರಳಿ ಸೇರಿಸಬೇಕು.

ಭಾಜಕದ ಬಗ್ಗೆ 1948ರ ಕಾಯಿದೆಯ 80ನೇ ಪ್ರಕರಣವು ಒಳ್ಳೆಯ ಮಾರ್ಗದರ್ಶಿ. ಹಿಂದಿನ ತಿಂಗಳಲ್ಲಿ ಕಾರ್ಮಿಕನು ನಿಜವಾಗಿ ಕೆಲಸ ಮಾಡಿದ ದಿನಗಳ ಸರಾಸರಿ ಗಳಿಕೆಯನ್ನು ಅದು ದರವಾಗಿ ಹಿಡಿದಿತ್ತು. ಭಾನುವಾರಗಳನ್ನು ಬಿಟ್ಟರೆ ತಿಂಗಳ ಕೆಲಸದ ದಿನಗಳು ಸುಮಾರು 26. ರಜೆಯನ್ನು ಕೆಲಸದ ದಿನಗಳಿಂದಲೇ ಗಳಿಸಿರುವುದರಿಂದ, ಅದರ ಬೆಲೆಯನ್ನೂ ಕೆಲಸದ ದಿನಗಳಿಂದಲೇ ಕಟ್ಟುವುದು ನ್ಯಾಯ. 30ರಿಂದ ಭಾಗಿಸಿದರೆ ವಾರದ ರಜೆಯ ದಿನಗಳೂ ಸೇರಿಕೊಂಡು ದರ ಕುಗ್ಗುತ್ತದೆ.

ಎರಡನೇ ಉದಾಹರಣೆ: ಮಾಸಿಕ ವೇತನದ ತಂತ್ರಜ್ಞ

ಬೆಂಗಳೂರಿನ ಪೀಣ್ಯದ ಒಂದು ಘಟಕದ ಹಿರಿಯ ಅಚ್ಚು ತಯಾರಕನು ಜುಲೈ 31ರಂದು ರಾಜೀನಾಮೆ ಕೊಟ್ಟು ಹೊರಡುತ್ತಾನೆ ಎಂದು ಭಾವಿಸೋಣ. ಹಿಂದಿನ ವರ್ಷದಿಂದ ಮುಂದೆ ತಂದ ರಜೆ 22 ದಿನ. ಈ ವರ್ಷ 160 ದಿನ ಕೆಲಸ ಮಾಡಿ 8 ದಿನ ಗಳಿಸಿದ್ದಾನೆ. 10 ದಿನ ರಜೆ ಪಡೆದಿದ್ದಾನೆ. ಬಾಕಿ 22 + 8 − 10 = 20 ದಿನ.

ಇವನ ಒಟ್ಟು ಮಾಸಿಕ ಸಂಭಾವನೆ 62,400 ರೂಪಾಯಿ. ಇದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 26,000, ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ 36,400. ಒಟ್ಟು ಸಂಭಾವನೆಯ ಅರ್ಧ 31,200. ಭತ್ಯೆಗಳು ಇದನ್ನು 5,200 ರೂಪಾಯಿಗಳಷ್ಟು ಮೀರಿವೆ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ವೇತನ 26,000 + 5,200 = 31,200 ರೂಪಾಯಿ.

ದಿನದ ವೇತನ 31,200 ÷ 26 = 1,200. ರಜೆ ವೇತನ 20 × 1,200 = 24,000 ರೂಪಾಯಿ.

ಮರಳಿ ಸೇರಿಸಬೇಕಾದ ಭಾಗವನ್ನು ಮರೆತು 26,000 ರೂಪಾಯಿಗಳನ್ನು ಮಾತ್ರ ಹಿಡಿದರೆ ಬರುವುದು 20,000. ವೇತನವನ್ನು ಸರಿಯಾಗಿ ಹಿಡಿದು 30ರಿಂದ ಭಾಗಿಸಿದರೆ 20,800. ಎರಡು ತಪ್ಪುಗಳೂ ಕೂಡಿದರೆ 17,333. ಅಂದರೆ ಒಬ್ಬ ಕಾರ್ಮಿಕನ ಲೆಕ್ಕದಲ್ಲಿಯೇ 6,667 ರೂಪಾಯಿಗಳ ಕೊರತೆ. ಭತ್ಯೆಗಳನ್ನು ಹಿಗ್ಗಿಸಿ ಮೂಲ ವೇತನವನ್ನು ಕುಗ್ಗಿಸುವ ಹಳೆಯ ರೂಢಿಯಿಂದ ರಜೆಯ ಹೊಣೆ ಈಗ ಕಡಿಮೆಯಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ನೇಮಕಾತಿ ಆದೇಶದಲ್ಲಿ ಅಥವಾ ಕಾರ್ಮಿಕ ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಇದಕ್ಕಿಂತ ಹೆಚ್ಚಿನ ದರವಿದ್ದರೆ ಆ ದರವನ್ನೇ ಕೊಡಬೇಕು.

ತುಂಡುಗೆಲಸದವರಿಗೆ, ಉದಾಹರಣೆಗೆ ಗೋಡಂಬಿ ಸುಲಿಯುವವರಿಗೆ, ಹಿಂದಿನ ತಿಂಗಳ ಗಳಿಕೆಯನ್ನು ಆ ತಿಂಗಳು ಕೆಲಸ ಮಾಡಿದ ದಿನಗಳಿಂದ ಭಾಗಿಸಿ ದರ ತೆಗೆಯುವುದು ಸರಿಯಾದ ಕ್ರಮ. ಹಿಂದಿನ ತಿಂಗಳು ಕೆಲಸವೇ ಇರದಿದ್ದರೆ, ಕೆಲಸ ಮಾಡಿದ ಕೊನೆಯ ತಿಂಗಳನ್ನು ಹಿಡಿಯಬೇಕೆಂದು ಹಳೆಯ 80ನೇ ಪ್ರಕರಣ ಹೇಳಿತ್ತು.

ಹೆರಿಗೆ ರಜೆ ಮತ್ತು ಲೇ-ಆಫ್ ದಿನಗಳು

ಮಾಲೀಕರು ಕಡಿಮೆ ಕೊಡುವಂತೆಯೇ, ಅರಿವಿಲ್ಲದೆ ಹೆಚ್ಚು ಕೊಡುವ ಸಂದರ್ಭವೂ ಉಂಟು. ಲೇ-ಆಫ್, ಹೆರಿಗೆ ರಜೆ ಮತ್ತು ಪಡೆದ ವಾರ್ಷಿಕ ರಜೆಯ ದಿನಗಳನ್ನು 180 ದಿನದ ಅರ್ಹತೆಗೆ ಎಣಿಸಬೇಕೆಂದು ಸಂಹಿತೆ ಹೇಳುತ್ತದೆ. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುವುದಿಲ್ಲ ಎಂದೂ ಅದೇ ಖಂಡ ಹೇಳುತ್ತದೆ.

ಒಂದು ಪ್ಯಾಕಿಂಗ್ ಘಟಕದ ಮಹಿಳೆಯು ಜನವರಿಯಿಂದ 80 ದಿನ ಕೆಲಸ ಮಾಡಿ, 26 ವಾರ ಅಂದರೆ 182 ದಿನ ಹೆರಿಗೆ ರಜೆ ಪಡೆದು, ಮರಳಿ ಬಂದು 20 ದಿನ ದುಡಿದು ಕೆಲಸ ಬಿಡುತ್ತಾರೆ ಎಂದುಕೊಳ್ಳೋಣ. ಅವರು ಸೇವೆಯಲ್ಲಿ ಮುಂದುವರಿದಿದ್ದರೆ ಅರ್ಹತೆಯ ಎಣಿಕೆ 80 + 182 + 20 = 282 ದಿನ ಆಗುತ್ತಿತ್ತು. ಆದರೆ ಗಳಿಸಿದ ರಜೆ (80 + 20) ÷ 20 = 5 ದಿನ ಮಾತ್ರ. 282ನ್ನು 20ರಿಂದ ಭಾಗಿಸಿ 14 ದಿನ ಕೊಡುವುದು ತಪ್ಪು. ಹಾಗೆಯೇ, ನಿಜವಾಗಿ ದುಡಿದದ್ದು 100 ದಿನ ಮಾತ್ರವೆಂದು ಏನನ್ನೂ ಕೊಡದಿರುವುದೂ ತಪ್ಪು.

ಹಬ್ಬದ ರಜೆಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯಿದೆಯಡಿ ಕೊಡುವ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ರಾಜ್ಯೋತ್ಸವ ಮೊದಲಾದ ವೇತನಸಹಿತ ರಜೆಗಳು ವಾರ್ಷಿಕ ಗಳಿಕೆ ರಜೆಗಿಂತ ಬೇರೆ. ಅವನ್ನು ಗಳಿಕೆ ರಜೆಯಿಂದ ಕಳೆಯುವಂತಿಲ್ಲ. ಕಾರ್ಮಿಕನು ಪಡೆದ ರಜೆಯ ನಡುವೆ ಇಂಥ ದಿನ ಬಿದ್ದರೂ ಅದನ್ನು ರಜೆಯ ಲೆಕ್ಕದಿಂದ ಹೊರಗಿಡಬೇಕು.

ಹಂಗಾಮು ಮುಗಿಯಿತೆ, ಸೇವೆ ಮುಗಿಯಿತೆ

ಹಂಗಾಮಿ ಉದ್ದಿಮೆಗಳಲ್ಲಿ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಇದು. ಯಂತ್ರ ನಿಂತ ಮಾತ್ರಕ್ಕೆ ಸೇವೆ ಮುಗಿಯಿತೆಂದು ಹೇಳಲಾಗದು. ಸಕ್ಕರೆ ಕಾರ್ಖಾನೆಗಳಲ್ಲಿ ನುರಿತ ಹಂಗಾಮಿ ಕಾರ್ಮಿಕರಿಗೆ ಕಬ್ಬು ಅರೆಯದ ತಿಂಗಳುಗಳಲ್ಲಿ ರಿಟೈನಿಂಗ್ ಭತ್ಯೆ ಕೊಟ್ಟು ಮುಂದಿನ ಹಂಗಾಮಿಗೆ ಉಳಿಸಿಕೊಳ್ಳುವ ಪದ್ಧತಿಯಿದೆ. ಅಂಥವರು ಸೇವೆಯಲ್ಲಿಯೇ ಇರುತ್ತಾರೆ. ಅವರ ವಿಷಯದಲ್ಲಿ ಕೆಲಸ ಬಿಟ್ಟವರ ನಿಯಮ ಅನ್ವಯಿಸದು. 180 ದಿನದ ಷರತ್ತೇ ಅನ್ವಯಿಸುತ್ತದೆ.

ಇದರ ಪರಿಣಾಮವನ್ನು ನೋಡಬೇಕು. ಜನವರಿಯಿಂದ ಮಾರ್ಚ್‌ವರೆಗೆ 75 ದಿನ, ಮತ್ತೆ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ 50 ದಿನ ದುಡಿದವನ ಹಾಜರಾತಿ ಆ ವರ್ಷಕ್ಕೆ 125 ದಿನ. ಬರಿಯ ಹಾಜರಾತಿಯಿಂದ ಅವನು 180ನ್ನು ಮುಟ್ಟುವುದಿಲ್ಲ. ಹಂಗಾಮಿನ ಕೊನೆಗೆ ಬಿಡುಗಡೆಯಾದ ಸಾಮಾನ್ಯ ಕಾರ್ಮಿಕನಿಗೆ ರಜೆ ವೇತನ ಸಿಕ್ಕಿ, ವರ್ಷಗಟ್ಟಲೆ ಉಳಿಸಿಕೊಂಡ ನುರಿತವನಿಗೆ ರಜೆಯೇ ಸಿಗದಂಥ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಬಹುದು. ಆದ್ದರಿಂದ ಹೀಗೆ ಉಳಿಸಿಕೊಂಡವರ ರಜೆಯನ್ನು ವೇತನ ಒಪ್ಪಂದದಲ್ಲಿಯೇ ಸ್ಪಷ್ಟವಾಗಿ ಬರೆಯುವುದು ಲೇಸು.

ಹಂಗಾಮಿನ ಕೊನೆಗೆ ಪ್ರತಿ ಕಾರ್ಮಿಕನಿಗೂ ಲಿಖಿತ ಪತ್ರ ಕೊಡುವ ಪದ್ಧತಿ ಇಟ್ಟುಕೊಳ್ಳಬೇಕು. ಸೇವೆ ಮುಕ್ತಾಯವಾಗಿದೆಯೇ ಅಥವಾ ಮುಂದಿನ ಹಂಗಾಮಿಗೆ ಉಳಿಸಿಕೊಳ್ಳಲಾಗಿದೆಯೇ ಎಂಬುದು ಅದರಲ್ಲಿ ಒಂದೇ ವಾಕ್ಯದಲ್ಲಿ ಇದ್ದರೆ ಸಾಕು. ಮುಂದಿನ ತಕರಾರುಗಳಲ್ಲಿ ಬಹುಪಾಲು ತಪ್ಪುತ್ತವೆ.

ಪಾವತಿಯ ಗಡುವು

ಕೆಲಸ ಬಿಟ್ಟ, ಬಿಡುಗಡೆಯಾದ ಅಥವಾ ವಜಾ ಆದ ದಿನದಿಂದ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ರಜೆ ವೇತನ ಕೊಡಬೇಕು. ನಿವೃತ್ತಿ ಮತ್ತು ಮರಣದ ಸಂದರ್ಭದಲ್ಲಿ ಎರಡು ತಿಂಗಳ ಅವಕಾಶವಿದೆ. ಬಾಕಿ ವೇತನಕ್ಕೂ 2019ರ ವೇತನ ಸಂಹಿತೆಯ 17ನೇ ಪ್ರಕರಣವು ಎರಡು ಕೆಲಸದ ದಿನಗಳ ಗಡುವನ್ನೇ ವಿಧಿಸಿದೆ. ರಾಜೀನಾಮೆ ಕೊಟ್ಟವರಿಗೂ ಇದು ಅನ್ವಯಿಸುತ್ತದೆ. ‘ಮುಂದಿನ ತಿಂಗಳ ಸಂಬಳದ ದಿನ ಬನ್ನಿ’ ಎಂದು ಕಳುಹಿಸುವ ಪದ್ಧತಿಗೆ ಈಗ ಎಡೆಯಿಲ್ಲ.

ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರಿಗೆ ವೇತನ ಕೊಡುವ ಹೊಣೆ ಮೊದಲು ಗುತ್ತಿಗೆದಾರನದು. ಅವನು ತಪ್ಪಿದರೆ ಮುಖ್ಯ ಮಾಲೀಕರೇ ಕೊಟ್ಟು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಗುತ್ತಿಗೆದಾರನ ಕೊನೆಯ ಬಿಲ್ಲನ್ನು ಪಾಸು ಮಾಡುವ ಮುನ್ನ ರಜೆ ವೇತನ ಪಾವತಿಯ ರಸೀದಿಯನ್ನು ಕೇಳುವುದು ವಿವೇಕ.

ಭವಿಷ್ಯನಿಧಿಯ ಬಗ್ಗೆ ಉದ್ಯಮಿಗಳು ಆಗಾಗ ಕೇಳುವ ಪ್ರಶ್ನೆಗೆ ನಮ್ಮ ಮಣಿಪಾಲದ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ ಉತ್ತರ ದೊರೆತಿತ್ತು. ರಜೆ ನಗದೀಕರಣದ ಹಣವು 1952ರ ಭವಿಷ್ಯನಿಧಿ ಕಾಯಿದೆಯ ‘ಮೂಲ ವೇತನ’ದಲ್ಲಿ ಸೇರುವುದಿಲ್ಲ ಎಂದು ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿತು. ಇನ್ನು ಗ್ರಾಚ್ಯುಟಿ ಪ್ರತ್ಯೇಕ ಬಾಬು. ಹಂಗಾಮಿ ಸಂಸ್ಥೆಯಲ್ಲಿ ವರ್ಷವಿಡೀ ಕೆಲಸವಿಲ್ಲದವರಿಗೆ ಅದನ್ನು ಪ್ರತಿ ಹಂಗಾಮಿಗೆ 7 ದಿನದ ವೇತನದಂತೆ ಎಣಿಸಲಾಗುತ್ತದೆ. ಒಂದನ್ನು ಕೊಟ್ಟು ಇನ್ನೊಂದು ಅದರಲ್ಲಿ ಸೇರಿದೆ ಎನ್ನುವಂತಿಲ್ಲ.

ನೂರಕ್ಕೆ ಐದು: ಹಣ ತೆಗೆದಿರಿಸುವ ಸರಳ ಕ್ರಮ

20 ದಿನಕ್ಕೆ 1 ದಿನ ಎಂದರೆ ನೂರಕ್ಕೆ ಐದು. ಪ್ರತಿ ಕೆಲಸದ ದಿನದ ವೇತನದ ಶೇಕಡಾ 5ರಷ್ಟನ್ನು ರಜೆ ವೇತನದ ಖಾತೆಗೆ ತೆಗೆದಿರಿಸಿದರೆ ಹಂಗಾಮಿನ ಕೊನೆಗೆ ತೊಂದರೆಯಾಗುವುದಿಲ್ಲ. ಮೊದಲ ಉದಾಹರಣೆಯಲ್ಲಿ ದಿನಕ್ಕೆ 40 ರೂಪಾಯಿಯಂತೆ 120 ದಿನಕ್ಕೆ 4,800 ರೂಪಾಯಿ ಸಂಗ್ರಹವಾಗುತ್ತದೆ. ಇದು 6 ದಿನದ ವೇತನಕ್ಕೆ ಸಮ. 1 ದಿನದ ರಜೆಗೆ ಕೊಟ್ಟ 800 ಕಳೆದರೆ ಉಳಿಯುವುದು ಕೊಡಬೇಕಾದ 4,000. ಮಾಲಿನ ಬೆಲೆ ಕಟ್ಟುವಾಗಲೂ ಕೂಲಿಯ ವೆಚ್ಚಕ್ಕೆ ಈ ಐದನ್ನು ಸೇರಿಸಿಯೇ ದರ ಹೇಳಬೇಕು. ಇಲ್ಲವಾದರೆ ಲಾಭವೆಂದು ಕಂಡದ್ದರಲ್ಲಿ ಒಂದು ಪಾಲು ಕಾರ್ಮಿಕನಿಗೆ ಸೇರಬೇಕಾದ ಹಣವಾಗಿರುತ್ತದೆ.

ಆದರೆ ಶೇಕಡಾವಾರು ಲೆಕ್ಕವು ತೆಗೆದಿರಿಸಲು ಮಾತ್ರ. ಕೊನೆಯ ಪಾವತಿಯನ್ನು ಕಾನೂನಿನ ಕ್ರಮದಲ್ಲಿಯೇ ಹಾಕಬೇಕು. ಹಂಗಾಮಿನ ನಡುವೆ ತುಟ್ಟಿಭತ್ಯೆ ಏರಿದ್ದರೆ, ಹಳೆಯ ದರದಲ್ಲಿ ಕೂಡಿಟ್ಟ ಹಣ ಸಾಲದೆ ಹೋಗಬಹುದು. ಶೇಕಡಾವಾರು ಸೂತ್ರವನ್ನೇ ಕಾನೂನೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅನುಭವ ಒಳ್ಳೆಯ ಪಾಠ. ಅಲ್ಲಿ ಶಾಲೆಯ ಪಾಠದ ಅವಧಿಯಲ್ಲಿ ಮಾತ್ರ ದುಡಿಯುವ ನೌಕರರ ರಜೆ ವೇತನವನ್ನು ಗಳಿಕೆಯ ಶೇಕಡಾ 12.07 ಎಂದು ಎಣಿಸುವ ರೂಢಿ ಬೆಳೆದಿತ್ತು. ವರ್ಷದ 52 ವಾರಗಳಲ್ಲಿ 5.6 ವಾರ ರಜೆ, ಉಳಿದ 46.4 ವಾರಗಳಿಗೆ ಅದರ ಅನುಪಾತವೇ 12.07. ವರ್ಷದ ಎಲ್ಲ ವಾರಗಳೂ ದುಡಿಯುವವರಿಗೆ ಹೊಂದುವ ಈ ಸಂಖ್ಯೆ, ವರ್ಷದ ಕೆಲವೇ ವಾರ ದುಡಿಯುವವರಿಗೆ ಕಾನೂನು ಹೇಳಿದ್ದಕ್ಕಿಂತ ಕಡಿಮೆ ಕೊಡುತ್ತಿತ್ತು. ಹಾರ್ಪರ್ ಟ್ರಸ್ಟ್ ಪ್ರಕರಣದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2022ರ ಜುಲೈನಲ್ಲಿ ಈ ರೂಢಿಯನ್ನು ತಳ್ಳಿಹಾಕಿತು. ಬಳಿಕ ಸರ್ಕಾರ ನಿಯಮಗಳನ್ನೇ ತಿದ್ದಿ, 2024ರ ಏಪ್ರಿಲ್ 1ರಂದು ಅಥವಾ ಅನಂತರ ಆರಂಭವಾಗುವ ರಜೆ ವರ್ಷಗಳಿಗೆ ಅಂಥ ನೌಕರರ ಮಟ್ಟಿಗೆ ಆ ಸೂತ್ರವನ್ನು ಕಾನೂನಿನೊಳಗೆ ತಂದಿತು. ನಮ್ಮಲ್ಲಿ ಶೇಕಡಾ 5 ಹೊಂದುವುದು ಕಾನೂನಿನ ದರವೇ ಕೆಲಸದ ದಿನಗಳಿಗೆ ಕಟ್ಟಿಕೊಂಡಿರುವುದರಿಂದ.

ದಾಖಲೆಯೇ ರಕ್ಷಣೆ

ಎರಡು ದಿನದ ಗಡುವಿನಲ್ಲಿ ಹಿಂದಿನ ಐದು ತಿಂಗಳ ಹಾಜರಾತಿಯನ್ನು ಹುಡುಕಿ ಎಣಿಸಲು ಕೂತರೆ ತಪ್ಪಾಗುವುದು ಖಂಡಿತ. ಪ್ರತಿ ತಿಂಗಳ ವೇತನ ಪಟ್ಟಿಯಲ್ಲಿ ನಾಲ್ಕು ಅಂಕಣಗಳನ್ನು ಸೇರಿಸಿದರೆ ಈ ಕಷ್ಟವಿಲ್ಲ: ಆ ತಿಂಗಳು ಕೆಲಸ ಮಾಡಿದ ದಿನಗಳು, ವರ್ಷಾರಂಭದಿಂದ ಒಟ್ಟು ದಿನಗಳು, ಪಡೆದ ರಜೆ, ಉಳಿದ ರಜೆ. ಕಾರ್ಮಿಕನ ವೇತನ ಚೀಟಿಯಲ್ಲಿ ಉಳಿದ ರಜೆಯನ್ನು ತಿಂಗಳು ತಿಂಗಳು ನಮೂದಿಸಿದರೆ ಅವನಿಗೂ ತನ್ನ ಲೆಕ್ಕ ತಿಳಿದಿರುತ್ತದೆ. ಹೊರಡುವ ದಿನ ವಾದಕ್ಕೆ ಕಾರಣ ಉಳಿಯುವುದಿಲ್ಲ. ಕೊನೆಯ ಪಾವತಿಯ ರಸೀದಿಯಲ್ಲಿ ಬಾಕಿ ವೇತನ, ರಜೆ ವೇತನ, ಬೋನಸ್, ಗ್ರಾಚ್ಯುಟಿ ಇವನ್ನು ಬೇರೆ ಬೇರೆಯಾಗಿ ಬರೆಯಬೇಕು. ‘ಎಲ್ಲ ಬಾಕಿ ಸೇರಿ’ ಎಂದು ಒಟ್ಟು ಮೊತ್ತವನ್ನು ಬರೆದ ರಸೀದಿಯಿಂದ ರಜೆ ವೇತನ ಕೊಟ್ಟಿದೆಯೆಂದು ತೋರಿಸುವುದು ಕಷ್ಟ.

ಹಂಗಾಮಿ ಉದ್ದಿಮೆಗೆ ಮುಂದಿನ ವರ್ಷವೂ ಅದೇ ಕೈಗಳು ಬೇಕು. ನುರಿತ ಕಾರ್ಮಿಕರಿಗಾಗಿ ಘಟಕ ಘಟಕಗಳ ನಡುವೆ ಪೈಪೋಟಿಯಿರುವ ಇಂದಿನ ದಿನಗಳಲ್ಲಿ, ಹೊರಡುವಾಗ ಕೇಳದೆಯೇ ಪೈಸೆ ಪೈಸೆ ಲೆಕ್ಕ ಚುಕ್ತಾ ಮಾಡಿದ ಮಾಲೀಕರ ಬಾಗಿಲಿಗೆ ಕಾರ್ಮಿಕರು ಮರಳಿ ಬರುತ್ತಾರೆ. ಕೆಲಸ ಮಾಡಿದ ದಿನಗಳನ್ನು ಎಣಿಸಿ, 20ರಿಂದ ಭಾಗಿಸಿ, ಎರಡು ದಿನದೊಳಗೆ ಕೊಡುವುದು: ಇಷ್ಟನ್ನು ಪಾಲಿಸಿದ ಸಂಸ್ಥೆಗೆ ರಜೆ ವೇತನದ ವಿಷಯದಲ್ಲಿ ತನಿಖಾಧಿಕಾರಿಯ ಭಯವೂ ಇಲ್ಲ, ಕಾರ್ಮಿಕನ ದೂರೂ ಇಲ್ಲ.